ನೂರೆಂಟು ಹೊಲಿಗೆಯ ಚೆಂಡು

ಶಿವಮೊಗ್ಗೆಯ ಒಂದು ಕ್ಲಬ್ಬಿನವರು ತಮ್ಮನ್ನು ತಾವೇ ಹೊಗಳಿಕೊಂಡು ಒಂದು ಸ್ಮರಣ ಸಂಚಿಕೆ ಹೊರತಂದಿದ್ದಾರೆ. ನನ್ನ ಮೊಮ್ಮಗಳು ಅದನ್ನು ಎಲ್ಲಿಂದಲೋ ತಂದು, ನಾನು ಸದಾ ಹೇಳುತ್ತಿದ್ದ ಆಟ ಇದೇ ಅಲ್ಲವೇ ಎಂದು ನನ್ನ ಮುಂದೆ ಹಿಡಿದಳು. ಪುಟದ ತುಂಬ ಒಂದು ಹಳೆಯ ಫೋಟೋ. ಬಿಳಿ ಷರಾಯಿ, ಬಿಳಿ ಅಂಗಿ ತೊಟ್ಟ ಮಹನೀಯರು ಎರಡು ಸಾಲಾಗಿ ಎದೆಯುಬ್ಬಿಸಿಕೊಂಡು ನಿಂತಿದ್ದಾರೆ. ನಡುವೆ ಆರು ಮಂದಿ ಅಮೆರಿಕದ ಸಿಪಾಯಿಗಳು. ಯುದ್ಧದ ಕಾಲದಲ್ಲಿ ಬೇಸ್‌ಬಾಲ್ ಎಂಬ ಅಮೆರಿಕದ ಆಟವನ್ನು ನಮ್ಮ ಜಿಲ್ಲೆಗೆ ಮೊದಲು ತಂದವರು ಈ ಕ್ಲಬ್ಬಿನ ಹಿರಿಯರಂತೆ. ಹಾಗೆಂದು ಕೆಳಗೆ ಅಚ್ಚು ಹಾಕಿಸಿದ್ದಾರೆ. ಪಕ್ಕದಲ್ಲೇ ಒಂದು ಲೇಖನವಿದೆ. ಆ ಆಟ ಜಪಾನಿನಲ್ಲಿ ಹೇಗೆ ಬೆಳೆಯಿತು, ಕ್ಯೂಬಾದಲ್ಲಿ ಹೇಗೆ ಬೆಳೆಯಿತು, ಈಗ ಹೇಗೆ ಲೋಕವನ್ನೆಲ್ಲ ಹಬ್ಬುತ್ತಿದೆ ಎಂಬ ವರ್ಣನೆ. ಕೊನೆಗೆ ಒಂದು ಕೋರಿಕೆ: ಆ ಕಾಲದ ಆಟದ ಸಾಮಾನು ಯಾರ ಬಳಿಯಾದರೂ ಇದ್ದರೆ ಕ್ಲಬ್ಬಿನ ಪ್ರದರ್ಶನಕ್ಕೆ ಕೊಡಬೇಕು.

ಆಟವನ್ನು ಇವರು ತಂದರೆಂಬುದು ಸುಳ್ಳು. ಇವರು ಆ ಆಟದ ಹೆಸರು ಕೇಳುವ ಹದಿನೈದು ವರ್ಷ ಮೊದಲೇ ನಾವು ಅದನ್ನು ಭದ್ರಾವತಿಯಲ್ಲಿ ಆಡುತ್ತಿದ್ದೆವು. ಫೋಟೋವನ್ನು ಸ್ವಲ್ಪ ಗಮನಿಸಿ ನೋಡಿದರೂ ಸಾಕು. ದೊಣ್ಣೆ ಇದೆ, ಚೆಂಡು ಹಿಡಿಯಲು ಕೈಗೆ ತೊಡುವ ತೊಗಲಿನ ಎರಡು ಕೈಚೀಲಗಳಿವೆ. ಚೆಂಡು ಮಾತ್ರ ಇಲ್ಲ. ಚೆಂಡಾಟದ ತಂಡ ಚೆಂಡಿಲ್ಲದೆ ಏಕೆ ಫೋಟೋ ತೆಗೆಸಿಕೊಂಡಿತು ಎಂದು ಆ ಸಂಚಿಕೆಯವರಲ್ಲಿ ಒಬ್ಬರಿಗೂ ಹೊಳೆದಿಲ್ಲ. ನಾನು ಓದಿದ್ದು ನಾಲ್ಕನೆಯ ತರಗತಿ, ಅದೂ ಶಾಲೆಯ ಜಗುಲಿಯಲ್ಲಿ ಕುಳಿತು. ನಡೆದದ್ದನ್ನು ನಡೆದ ಹಾಗೆ ಬರೆಯಲು ಅಷ್ಟು ವಿದ್ಯೆ ಸಾಕು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಚರ್ಮದ ಕೆಲಸದ ಮನೆ. ಅಪ್ಪ ಊರಿನಲ್ಲಿ ಚಪ್ಪಲಿ, ಬಾರುಕೋಲು, ನೀರೆತ್ತುವ ತೊಗಲಿನ ಕಪಿಲೆ ಮಾಡಿಕೊಂಡಿದ್ದವನು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿಗೆ ಬಂದ. ಆ ಕಾಲದಲ್ಲಿ ಯಂತ್ರಗಳು ತಿರುಗುತ್ತಿದ್ದದ್ದು ತೊಗಲಿನ ಬೆಲ್ಟುಗಳಿಂದ. ಮಾಡಿನ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು ಇಳಿದಿರುತ್ತಿತ್ತು. ಬೆಲ್ಟು ಕಿತ್ತರೆ ಕೆಲಸ ನಿಂತಂತೆ. ಅದನ್ನು ಹೊಲಿದು ಮತ್ತೆ ಓಡುವಂತೆ ಮಾಡುವುದು ಅಪ್ಪನ ಕೆಲಸ, ಆಮೇಲೆ ನನ್ನ ಕೆಲಸ. ಇಡೀ ಷೆಡ್ಡು ನಮ್ಮ ಹೊಲಿಗೆಯ ಮೇಲೆ ನಿಂತಿತ್ತು ಎಂದರೆ ನಾನು ಜಂಬ ಕೊಚ್ಚಿದ ಹಾಗಲ್ಲ.

ನನಗೆ ಹತ್ತೊಂಬತ್ತೋ ಇಪ್ಪತ್ತೋ ಇದ್ದಾಗ ಅಮೆರಿಕದ ಒಬ್ಬ ಇಂಜಿನಿಯರ್ ಅಲ್ಲಿ ಕೆಲಸಕ್ಕಿದ್ದ. ನಾವೆಲ್ಲ ಅವನನ್ನು ದೊರೆ ಎನ್ನುತ್ತಿದ್ದೆವು. ಹಾಗೆಂದರೆ ಅವನಿಗೆ ಆಗುತ್ತಿರಲಿಲ್ಲ. ತನ್ನ ದೇಶದವರು ದೊರೆಯ ಜೊತೆ ಜಗಳ ಆಡಿ ಬೇರೆಯಾದವರು ಎನ್ನುತ್ತಿದ್ದ. ಕೆಲಸ ಮುಗಿಸಿ ಹೋದವನು ತನ್ನ ಬಂಗಲೆಯ ಹಿಂದಿನ ಗೋಡೆಗೆ ಒಂದು ಬಿಳಿಯ ಚೆಂಡನ್ನು ಎಸೆಯುತ್ತಿದ್ದ, ಅದು ಪುಟಿದು ಬಂದರೆ ಹಿಡಿಯುತ್ತಿದ್ದ, ಮತ್ತೆ ಎಸೆಯುತ್ತಿದ್ದ. ದಿನಾ ಸಂಜೆ ಒಬ್ಬನೇ. ಜೊತೆಗೆ ಆಡಲು ಆ ಊರಿನಲ್ಲಿ ಅವನಿಗೆ ಯಾರೂ ಇರಲಿಲ್ಲ. ಪಾಪ, ತಲೆ ಸರಿಯಿಲ್ಲ ಎಂದು ನಮ್ಮ ಕಡೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಒಂದು ದಿನ ಆ ಚೆಂಡಿನ ಹೊಲಿಗೆ ಬಿಚ್ಚಿಕೊಂಡಿತು. ಬೆಲ್ಟು ಹೊಲಿಯುವವರು ಇದನ್ನೂ ಹೊಲಿದಾರು ಎಂದು ನಮ್ಮ ಹತ್ತಿರ ತಂದ. ಅಪ್ಪ ಅದನ್ನು ನನ್ನ ಕಡೆಗೆ ತಳ್ಳಿದ. ನಾನು ಉಳಿದ ಹೊಲಿಗೆಯನ್ನೂ ಬಿಚ್ಚಿ ನೋಡಿದೆ. ಒಳಗೆ ಬೆಂಡಿನ ಗುಂಡು, ಅದರ ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆಯ ನೂಲು. ಮೇಲೆ ಎರಡೇ ತುಂಡು ತೊಗಲು. ಎರಡೂ ಒಂದೇ ಆಕಾರ, ಸೊಂಟ ಸಣ್ಣಗಾದ ಕಡಲೆಕಾಯಿಯ ಹಾಗೆ. ಒಂದರ ಸೊಂಟಕ್ಕೆ ಇನ್ನೊಂದರ ತಲೆ ಕೂತರೆ ಎರಡೂ ಸೇರಿ ಗುಂಡಗಾಗುತ್ತವೆ. ತಲೆತಲಾಂತರದಿಂದ ತೊಗಲು ಕೊಯ್ದವರ ಮನೆಯಲ್ಲಿ ಹುಟ್ಟಿಯೂ ನನಗೆ ಅಂಥ ಕೊಯ್ತ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ತುಂಡನ್ನು ಒಂದು ತಗಡಿನ ಮೇಲಿಟ್ಟು ಮೊಳೆಯಿಂದ ಅದರ ಗೆರೆ ಎಳೆದುಕೊಂಡೆ, ಆಮೇಲೆ ಹೊಲಿದೆ. ಹೊಲಿಯುವಾಗ ಎಣಿಸಿದೆ. ಸರಿಯಾಗಿ ನೂರೆಂಟು ಹೊಲಿಗೆ.

ಸ್ಟೋರಿನಲ್ಲಿ ಒಬ್ಬ ಗುಮಾಸ್ತರಿದ್ದರು. ಮಡಿಯ ಮನೆಯವರು, ಇಂಗ್ಲಿಷ್ ಬಲ್ಲವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಮಗೆ ದಾರ, ಮೇಣ ಕೊಡುತ್ತಿದ್ದವರು ಅವರೇ. ಮೇಜಿನ ಮೇಲೆ ಇಡುತ್ತಿದ್ದರು, ನಾನು ಅಲ್ಲಿಂದ ಎತ್ತಿಕೊಳ್ಳುತ್ತಿದ್ದೆ. ನೂರೆಂಟು ಎಂದು ಅವರಿಗೆ ಹೇಳಿದರೆ ನಂಬಲಿಲ್ಲ. ಮ್ಲೇಚ್ಛರ ಚೆಂಡಿಗೆ ಜಪಮಾಲೆಯ ಲೆಕ್ಕ ಎಲ್ಲಿಂದ ಬರಬೇಕು ಎಂದು ನಕ್ಕರು. ಚೆಂಡನ್ನು ಮೇಜಿನ ಮೇಲಿಟ್ಟೆ. ತಾವೇ ಕೈಗೆ ತೆಗೆದುಕೊಂಡು, ಬೆರಳಿನಿಂದ ಒಂದೊಂದೇ ಹೊಲಿಗೆ ಸರಿಸುತ್ತ ಎಣಿಸಿದರು. ಎಣಿಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದರು. ಒಂದು ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಸೂಜಿಗೆ ಪೋಣಿಸುವ ಮೊದಲು ದಾರದ ತುದಿಯನ್ನು ನಾವು ಬಾಯಲ್ಲಿಟ್ಟು ನೆನೆಸುತ್ತೇವೆ. ನಾನು ಹೊಲಿದ ಒಂದೊಂದು ಚೆಂಡಿನಲ್ಲೂ ನನ್ನ ಎಂಜಲಿತ್ತು. ಅದನ್ನು ಮುಟ್ಟಿದ ಮಡಿವಂತರ ಪಟ್ಟಿ ದೊಡ್ಡದಿದೆ.

ತಗಡಿನ ಅಚ್ಚಿನಿಂದ ನಾನೇ ಒಂದು ಚೆಂಡು ಮಾಡಿದೆ. ನಮ್ಮದೇ ಹದ ಮಾಡಿದ ತೊಗಲು, ಒಳಗೆ ಕಂಬಳಿಯ ನೂಲು. ಇಂಜಿನಿಯರ್ ಅದನ್ನು ಕೈಯಲ್ಲಿ ತೂಗಿ ನೋಡಿದ, ಮೂಸಿ ನೋಡಿದ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಜೋರಾಗಿ ನನ್ನತ್ತ ಎಸೆದ. ಬರಿಗೈಯಲ್ಲಿ ಹಿಡಿದೆ. ಅಂಗೈ ಉರಿದುಹೋಯಿತು, ಆದರೂ ಬಿಡಲಿಲ್ಲ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಭಾನುವಾರ ಬಾ, ಇನ್ನಷ್ಟು ಜನರನ್ನು ಕರೆದುಕೊಂಡು ಬಾ ಎಂದ.

ಅಪ್ಪನಿಗೆ ಮಾತ್ರ ಹಿಡಿಸಲಿಲ್ಲ. "ಹೊಲಿದು ಕೊಡೋದು ನಮ್ ಕೆಲಸ ಮಗಾ. ಆಡೋದು ಅವರದು" ಅಂದ. ಅವನು ಕಂಡ ಲೋಕದಲ್ಲಿ ಅದು ನಿಜವೇ ಆಗಿತ್ತು. ಅವನು ಮಾಡಿದ ಚಪ್ಪಲಿಯನ್ನು ಅವನು ಊರೊಳಗೆ ಮೆಟ್ಟಿ ನಡೆದವನಲ್ಲ.

ಆದರೂ ಆಟ ಶುರುವಾಯಿತು. ಕಾರ್ಖಾನೆಯ ಇದ್ದಿಲಿನ ಷೆಡ್ಡುಗಳ ಹಿಂದೆ ನದಿಯ ಕಡೆಗೆ ಒಂದು ಕೆಮ್ಮಣ್ಣಿನ ಬಯಲಿತ್ತು. ಎರಕ ಹೊಯ್ಯುವ ತಮಿಳರು, ತೆಲುಗಿನ ಫಿಟ್ಟರುಗಳು, ಕುಂಸಿ ಕಡೆಯ ಒಬ್ಬ ಕಮ್ಮಾರ, ಸ್ಟೋರಿನ ಗುಮಾಸ್ತರು, ನಾನು. ಆಟ ಕಷ್ಟದ್ದೇನಲ್ಲ. ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ದೊಣ್ಣೆಯಿಂದ ಹೊಡೆಯುತ್ತಾನೆ, ಹೊಡೆದವನು ದೊಣ್ಣೆ ಬಿಟ್ಟು ಓಡುತ್ತಾನೆ. ನಾಲ್ಕು ಮೂಲೆಯಲ್ಲಿ ನಾಲ್ಕು ಬೇಸು. ನಾವು ಅವನ್ನು ಮನೆ ಎಂದು ಕರೆದೆವು. ಮೂರು ಮನೆ ಸುತ್ತಿ ನಾಲ್ಕನೆಯ ಮನೆ ಸೇರಿದರೆ ಒಂದು ಓಟ. ದಾರಿಯಲ್ಲಿ ಯಾರಾದರೂ ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಿದರೆ ಔಟು. ಹಳೆಯ ಬೆಲ್ಟಿನ ತುಂಡುಗಳನ್ನು ಮೊಳೆ ಹೊಡೆದು ಮನೆಗಳನ್ನು ನಾನೇ ಮಾಡಿದ್ದೆ.

ಎರಡನೆಯ ಭಾನುವಾರ ಗುಮಾಸ್ತರು ಎರಡನೆಯ ಮನೆಯಿಂದ ಮೂರನೆಯದಕ್ಕೆ ಓಡುತ್ತಿದ್ದರು. ಚೆಂಡು ನನ್ನ ಕೈಗೆ ಬಂತು. ಅವರಿಗೂ ನನಗೂ ಎರಡು ಮಾರು ಅಂತರ. ಮುಟ್ಟು, ಮುಟ್ಟು ಎಂದು ಇಂಜಿನಿಯರ್ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ನಾನು ಕೈ ಚಾಚಿದೆ. ಗುಮಾಸ್ತರು ಬೆದರಿ ಪಂಚೆಯನ್ನು ಮುದುರಿಕೊಂಡು ಹಿಂದೆ ಸರಿದರು. ಅವರು ಬಾಯಲ್ಲಿ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಕೈ ತಾನಾಗಿ ನಿಂತುಬಿಟ್ಟಿತು. ಏನು ಮಾಡಬೇಕೆಂದು ತೋಚದೆ ಚೆಂಡನ್ನು ಮೆಲ್ಲಗೆ ಅವರ ತೊಡೆಗೆ ಎಸೆದೆ. ಕೂಡಲೇ ಸುತ್ತಲಿದ್ದವರೆಲ್ಲ ಔಟು ಎಂದು ಕೂಗಿದರು. ಏಕೆಂದರೆ ನಾವೆಲ್ಲ ಲಗೋರಿ ಆಡಿ ಬೆಳೆದವರು. ಲಗೋರಿಯಲ್ಲಿ ಓಡುವವನಿಗೆ ಚೆಂಡಿನಿಂದ ಹೊಡೆದರೇ ಔಟು.

ಇಂಜಿನಿಯರ್ ಬಂದು, ಏಕೆ ಮುಟ್ಟಲಿಲ್ಲ ಎಂದು ಕೇಳಿದ. ಇಂಗ್ಲಿಷ್ ಬರುತ್ತಿದ್ದವರು ಗುಮಾಸ್ತರೊಬ್ಬರೇ. ನಮ್ಮ ದೇಶದ ಆಟದಲ್ಲಿ ಚೆಂಡಿನಿಂದ ಹೊಡೆಯುವುದೇ ರೂಢಿ ಎಂದು ಅವರು ಹೇಳಿದರು. ಅರ್ಧ ನಿಜ. ಇಂಜಿನಿಯರ್ ತಲೆ ಕೆರೆದುಕೊಂಡು ಆಮೇಲೆ ನಕ್ಕುಬಿಟ್ಟ. ತನ್ನ ತಾತನ ಕಾಲದಲ್ಲಿ ತಮ್ಮ ಹಳ್ಳಿಯಲ್ಲೂ ಹಾಗೆಯೇ ಹೊಡೆಯುತ್ತಿದ್ದರಂತೆ, ಆಟ ಬೇರೆ ಬೇರೆ ದೇಶಕ್ಕೆ ಹೋದಾಗ ಅಲ್ಲಿನ ನೀರು ಕುಡಿಯುತ್ತದೆ ಎಂದ. ಜಪಾನಿನಲ್ಲಿ ಪಟ್ಟಣಕ್ಕೆ ಪಟ್ಟಣವೇ ಈ ಆಟದ ಹುಚ್ಚು ಹಿಡಿಸಿಕೊಂಡಿದೆ, ಅಲ್ಲಿ ಆಟಕ್ಕೆ ಮುಂಚೆ ಬಗ್ಗಿ ನಮಸ್ಕಾರ ಮಾಡುತ್ತಾರೆ, ನೀವು ಚೆಂಡಿನಿಂದ ಹೊಡೆಯಿರಿ, ಸೊಂಟದ ಕೆಳಗೆ ಮಾತ್ರ ಎಂದು ಒಪ್ಪಿಕೊಂಡ. ಅದು ನಮ್ಮ ನಿಯಮವಾಯಿತು.

ಆ ನಿಯಮದಿಂದ ಎಲ್ಲರಿಗೂ ಅನುಕೂಲವಾಯಿತು. ನನ್ನ ಜೊತೆ ಮಧ್ಯಾಹ್ನವೆಲ್ಲ ಆಡಿ, ಮನೆಗೆ ಹೋಗಿ ಸ್ನಾನ ಮಾಡದೆ ಊಟಕ್ಕೆ ಕೂರಬಹುದಾಗಿತ್ತು. ನನಗೂ ಹೆಸರು ಬಂತು. ಮೂವತ್ತು ಹೆಜ್ಜೆಯಿಂದ ಓಡುವವನ ಮೀನಖಂಡಕ್ಕೆ ತಪ್ಪದೆ ಹೊಡೆಯುತ್ತಿದ್ದೆ. ನೋಡಲು ಜನ ಬರುತ್ತಿದ್ದರು. ಆದರೆ ಒಂದೊಂದು ಸಲ ಹೊಡೆದಾಗಲೂ ನನಗೆ ಒಳಗೆ ಉರಿಯುತ್ತಿತ್ತು. ಆ ನಿಯಮ ಮಾಡಿದವನು ಇಂಜಿನಿಯರ್ ಅಲ್ಲ, ಗುಮಾಸ್ತರೂ ಅಲ್ಲ. ನಿಂತುಹೋದ ನನ್ನ ಕೈ ಅದನ್ನು ಮಾಡಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ, ಎಲ್ಲರೂ ನೋಡುತ್ತಿರುವಾಗ, ಆ ಆಟವನ್ನು ಅದು ಇರುವ ಹಾಗೆ ಆಡಬೇಕು. ಓಡುವವನನ್ನು ಕೈಯಿಂದ ಮುಟ್ಟಿ ಔಟು ಮಾಡಬೇಕು. ಬಹಳ ವರ್ಷ ಅದು ಆಗಲಿಲ್ಲ.

ಇಂಜಿನಿಯರ್ ತನ್ನ ದೇಶಕ್ಕೆ ಹೊರಟಾಗ ದೊಣ್ಣೆಯನ್ನೂ ಎರಡು ಕೈಚೀಲಗಳನ್ನೂ ನನ್ನ ಕೈಗೇ ಕೊಟ್ಟು ಹೋದ. ದೊಣ್ಣೆ ಮುರಿದಾಗ ಕಮ್ಮಾರ ದಿಂಡಿಗದ ಮರದಲ್ಲಿ ಹೊಸದು ಮಾಡಿಸಿ ತಂದ, ಹಾರೆ ಗುದ್ದಲಿಯ ಕಾವಿಗೆ ಹಾಕುವ ಮರವೇ. ಚೆಂಡನ್ನು ನಾನು ಹೊಲಿಯುತ್ತಲೇ ಇದ್ದೆ. ಮದುವೆಯಾಯಿತು, ಮಕ್ಕಳಾದವು, ಅಪ್ಪನ ಕಣ್ಣು ಮಂಜಾಯಿತು. ಭಾನುವಾರದ ಆಟ ನಿಲ್ಲಲಿಲ್ಲ.

ಆಮೇಲೆ ಯುದ್ಧ ಬಂತು. ಅಮೆರಿಕದ ಸಿಪಾಯಿಗಳು ಬೆಂಗಳೂರಿನಲ್ಲಿದ್ದರು. ರಜೆ ಸಿಕ್ಕಿದಾಗ ಕೆಲವರು ಜೋಗ ನೋಡಲು ಶಿವಮೊಗ್ಗೆಯ ಮೇಲೆ ಹೋಗುತ್ತಿದ್ದರು. ಅಂಥ ಆರು ಮಂದಿ ಎರಡು ದಿನ ಶಿವಮೊಗ್ಗೆಯಲ್ಲಿ ತಂಗುತ್ತಾರೆಂದು ತಿಳಿದು, ನಾನು ಮೊದಲು ಹೇಳಿದ ಆ ಕ್ಲಬ್ಬಿನವರಿಗೆ ಅವರನ್ನು ಸತ್ಕರಿಸುವ ಉತ್ಸಾಹ ಬಂತು. ಕ್ಲಬ್ಬಿನವರು ಆಡುತ್ತಿದ್ದದ್ದು ಕ್ರಿಕೆಟ್. ಅತಿಥಿಗಳಿಗೆ ಅವರದೇ ಆಟ ಆಡಿಸಿದರೆ ಚೆಂದ ಎಂದು ಯಾರೋ ಸೂಚಿಸಿದರು. ಆದರೆ ದೊಣ್ಣೆ ಎಲ್ಲಿದೆ, ಚೆಂಡು ಎಲ್ಲಿದೆ? ಭದ್ರಾವತಿಯಲ್ಲಿದೆ ಎಂದು ಗೊತ್ತಾಯಿತು. ಕ್ಲಬ್ಬಿನ ಕಾರ್ಯದರ್ಶಿ ತಮ್ಮ ಮೋಟಾರಿನಲ್ಲಿ ನಮ್ಮ ಗೇಟಿಗೆ ಬಂದರು. ಅವರು ವಕೀಲರು, ಊರಿನ ದೊಡ್ಡ ಮನುಷ್ಯರು. ಸಂಜೆಯ ಸೈರನ್ ಆಗಿ ನಾನೂ ಗುಮಾಸ್ತರೂ ಹೊರಗೆ ಬಂದೆವು. ವಕೀಲರು ಮೋಟಾರಿನಿಂದ ಇಳಿಯಲಿಲ್ಲ.

ಎರಡು ಚೆಂಡು, ದೊಣ್ಣೆ, ಕೈಚೀಲ ಎಲ್ಲ ಬೇಕು ಎಂದರು. ನಾನೂ ಬರಬೇಕು, ಆಟದ ದಿನ ಬಯಲಿನ ಸುತ್ತ ಕಟ್ಟುವ ಹಗ್ಗದ ಆಚೆ ನಿಂತು ಅವರ ಕಡೆಯವರಿಗೆ ಹೇಳಿಕೊಡಬೇಕು ಎಂದರು. ಹದಿನೈದು ವರ್ಷ ಒಳಗೆ ಹುದುಗಿದ್ದ ಸಿಟ್ಟು ಆ ಹಗ್ಗದ ಮಾತಿಗೆ ಎದ್ದು ಬಂತು.

"ಚೆಂಡು ಒಳಗೆ ಬರಬೇಕು ಅಂದ್ರೆ ನಾನೂ ಒಳಗೆ ಬರ್ತೀನಿ ಸ್ವಾಮಿ" ಎಂದೆ.

ಅವರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ನೆಲ ನೋಡಿದರು. ವಕೀಲರಲ್ಲವೇ, ದಾರಿ ಕೂಡಲೇ ಸಿಕ್ಕಿತು. ಒಂದು ಕಡೆಗೆ ಒಂಬತ್ತು ಜನ ಬೇಕು, ಅಮೆರಿಕದವರು ಇರುವುದು ಆರೇ. ನಾನೂ ಭದ್ರಾವತಿಯ ಇನ್ನಿಬ್ಬರೂ ಅವರ ಕಡೆ ಸೇರಿದರೆ ಆಯಿತು, ಆ ಜನಕ್ಕೆ ಅದೆಲ್ಲ ಇಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಆದ್ರೆ ನಿಮ್ಮ ಭದ್ರಾವತಿ ಕ್ರಮದಲ್ಲೇ ಆಗ್ಬೇಕು ನೋಡು. ಚೆಂಡಲ್ಲಿ ಹೊಡೆದು ಔಟು. ಗೊತ್ತಾಯ್ತಾ?"

ಗೊತ್ತಾಯಿತು. ನಮ್ಮ ನಿಯಮದ ಖ್ಯಾತಿ ಶಿವಮೊಗ್ಗೆಯವರೆಗೂ ಹೋಗಿತ್ತು. ಅದು ಯಾಕೆ ಹುಟ್ಟಿತೆಂಬುದನ್ನೂ ಅವರು ಸರಿಯಾಗಿಯೇ ಊಹಿಸಿದ್ದರು. ನಾನು ಹೂಂ ಎಂದೆ.

ಎರಡು ಕೇಳಿದ್ದರೂ ಒಂದೇ ಚೆಂಡು ಹೊಲಿದೆ. ಮೂರು ಸಂಜೆ ಹಿಡಿಯಿತು. ಕೈಗೆ ಸಿಕ್ಕ ತೊಗಲಿನಲ್ಲಿ ಅತಿ ಒಳ್ಳೆಯದನ್ನು ಆರಿಸಿದ್ದೆ. ಅಪ್ಪ ಗೋಡೆಗೊರಗಿ ಕುಳಿತು, ಕಾಣದಿದ್ದರೂ ನನ್ನ ಸೂಜಿಯ ಸದ್ದು ಕೇಳುತ್ತಿದ್ದ. ಹೊಲಿದು ಮುಗಿದ ಮೇಲೆ ಕೈ ಚಾಚಿ ಚೆಂಡನ್ನು ಇಸಿದುಕೊಂಡು, ಬೆರಳಾಡಿಸಿ ನೋಡಿದ. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಯಾರೂ ನಮ್ಮ ಬೆನ್ನಿಗೆ ನಿಲ್ಲುವುದಿಲ್ಲ ಎಂದ. ಅಷ್ಟು ಹೇಳಿ ಚೆಂಡನ್ನು ವಾಪಸು ಕೊಟ್ಟ. ಹೋಗಬೇಡ ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಹೊರಟೆವು. ನಾನು, ಕಮ್ಮಾರ, ಎರಕದ ಒಬ್ಬ ತಮಿಳು ಗೆಳೆಯ. ಇಂಗ್ಲಿಷ್ ಮಾತು ತಿಳಿಸಿ ಹೇಳಲು ಬೇಕೆಂದು ಗುಮಾಸ್ತರನ್ನೂ ಕರೆಸಿದ್ದರು. ಕ್ಲಬ್ಬಿನ ಬಯಲಿನಲ್ಲಿ ಷಾಮಿಯಾನ ಕಟ್ಟಿದ್ದರು, ಹಗ್ಗ ಕಟ್ಟಿದ್ದರು, ಫೋಟೋದವನನ್ನು ಗೊತ್ತು ಮಾಡಿದ್ದರು. ಸಿಪಾಯಿಗಳು ಸಾದಾ ಹುಡುಗರ ಹಾಗೆ ನಗುತ್ತ ಬಂದು ನಮ್ಮ ಮೂವರ ಕೈ ಕುಲುಕಿದರು. ಅವರ ನಾಯಕ ನನ್ನ ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಯಾವ ಅಂಗಡಿಯದು ಎಂದು ಕೇಳಿದ. ಇವನೇ ಹೊಲಿದದ್ದು ಎಂದು ಗುಮಾಸ್ತರು ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ, ಎಸೆಯುವವನು ಇವನೇ ಆಗಲಿ ಎಂದ.

ಆಟ ಶುರುವಾಗುವ ಮೊದಲೇ ತಕರಾರು ಬಂತು. ಚೆಂಡಿನಿಂದ ಹೊಡೆಯುವುದು ಇಲ್ಲಿಯ ಕ್ರಮ ಎಂದು ವಕೀಲರು ನಗುನಗುತ್ತ ವಿವರಿಸಿದರು. ನಾಯಕ ಕೈಯಾಡಿಸಿಬಿಟ್ಟ. ಇಷ್ಟು ಗಟ್ಟಿ ಚೆಂಡು ಯಾರ ತಲೆಗಾದರೂ ಬಿದ್ದರೆ ತನ್ನ ಮೇಲಿನವರಿಗೆ ತಾನು ಉತ್ತರ ಹೇಳಬೇಕು, ಆಟ ಆಟದ ಹಾಗೆಯೇ ಆಗಬೇಕು, ಮುಟ್ಟಿದರೆ ಔಟು ಎಂದ. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದ ವಕೀಲರಿಗೆ, ತಮ್ಮ ಕಾರಣವನ್ನು ಅತಿಥಿಗಳ ಮುಂದೆ ಇಂಗ್ಲಿಷಿನಲ್ಲಿ ಹೇಳಲು ನಾಲಿಗೆ ಬರಲಿಲ್ಲ. ಕನ್ನಡದಲ್ಲಿ ಹೇಳುವಾಗ ಅವರಿಗೆ ಅಂಥ ಸಂಕೋಚವೇನೂ ಇರಲಿಲ್ಲ. ನನ್ನ ಕಡೆ ಒಂದು ನೋಟ ಬೀರಿ, ಮಾತು ನೆನಪಿರಲಿ ಎಂದು ಹೇಳಿ ಹೋದರು.

ಆಟ ನೋಡುವವರಿಗೆ ಒಳ್ಳೆಯ ತಮಾಷೆಯಾಯಿತು. ಕ್ಲಬ್ಬಿನವರಿಗೆ ಕ್ರಿಕೆಟ್ಟಿನ ಅಭ್ಯಾಸ. ಒಬ್ಬ ಡಾಕ್ಟರು ನನ್ನ ಚೆಂಡನ್ನು ದೊಣ್ಣೆಯಿಂದ ನಯವಾಗಿ ತಡೆದು ನೆಲಕ್ಕಿಳಿಸಿ, ಚಪ್ಪಾಳೆಗಾಗಿ ಷಾಮಿಯಾನದತ್ತ ನೋಡಿದರು. ಇನ್ನೊಬ್ಬರು ದೊಣ್ಣೆ ಬಿಡದೆ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡವರ ಹಾಗೆ ಓಡಿದರು. ದೊಣ್ಣೆ ಅಲ್ಲೇ ಬಿಡಿ ಎಂದು ಗುಮಾಸ್ತರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಆದರೆ ವಕೀಲರು ನಿಜಕ್ಕೂ ಒಳ್ಳೆಯ ಆಟಗಾರರು, ಅದನ್ನು ಮುಚ್ಚಿಡುವುದಿಲ್ಲ. ಕೊನೆಯ ಸರದಿಯಲ್ಲಿ ನನ್ನ ಚೆಂಡನ್ನು ಹಗ್ಗದ ತನಕ ಅಟ್ಟಿ, ಮೂರು ಮನೆ ಸುತ್ತಿದರು. ಇನ್ನೊಂದು ಮನೆ ಸೇರಿದ್ದರೆ ಎರಡು ಕಡೆಯ ಓಟವೂ ಸಮ ಆಗುತ್ತಿತ್ತು.

ನಾಲ್ಕನೆಯ ಮನೆಗೆ ಅರ್ಧ ದಾರಿ ಬಂದಿದ್ದರು. ಚೆಂಡು ಅಷ್ಟರಲ್ಲಿ ಆ ಮನೆ ಕಾಯುತ್ತಿದ್ದ ನಾಯಕನ ಕೈ ಸೇರಿತು. ವಕೀಲರು ಹಿಂದಕ್ಕೆ ತಿರುಗಿದರು. ನಾಯಕ ಚೆಂಡನ್ನು ನನಗೆ ಎಸೆದ. ನಾನು ಅವರಿಗೂ ಮೂರನೆಯ ಮನೆಗೂ ನಡುವೆ ನಿಂತಿದ್ದೆ. ಹಿಂದೆ ನಾಯಕ, ಮುಂದೆ ನಾನು. ಹೋಗಲು ಎಲ್ಲೂ ದಾರಿಯಿಲ್ಲ. ನಮ್ಮ ನಡುವೆ ಎರಡು ಮಾರು ಅಂತರ, ಆ ದಿನ ಗುಮಾಸ್ತರಿಗೂ ನನಗೂ ಇದ್ದಷ್ಟೇ.

"ಅಲ್ಲಿಂದಲೇ ಹೊಡಿ. ನಾನು ತಪ್ಪಿಸ್ಕೊಳ್ಳಲ್ಲ" ಎಂದರು ವಕೀಲರು, ನನಗೊಬ್ಬನಿಗೆ ಕೇಳಿಸುವಷ್ಟು ಮೆಲ್ಲಗೆ. ಹೇಳಿ, ಬೆನ್ನು ತಿರುಗಿಸಿ ನಿಂತರು.

ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಲ್ಲಿನಂಥ ಚೆಂಡಿನಿಂದ, ಮೂವತ್ತು ಹೆಜ್ಜೆಯಿಂದ ಗುರಿ ತಪ್ಪದವನಿಂದ, ಎರಡು ಮಾರು ದೂರದಲ್ಲಿ ಬೆನ್ನಿಗೆ ಪೆಟ್ಟು ತಿನ್ನಲು ಆ ಮನುಷ್ಯ ತಯಾರಾಗಿದ್ದರು. ನನ್ನ ಕೈ ತಾಗುವುದಕ್ಕಿಂತ ಅದೇ ವಾಸಿ ಎಂದು ಅವರಿಗೆ ಅನ್ನಿಸಿತ್ತು. ಹೊಡೆದಿದ್ದರೆ ನನ್ನ ಸಿಟ್ಟು ತೀರುತ್ತಿತ್ತು, ಅವರ ಮಡಿಯೂ ಉಳಿಯುತ್ತಿತ್ತು. ನನ್ನ ಕೈ ಇನ್ನೊಮ್ಮೆ ನಿಲ್ಲಲು ನೋಡಿತು. ಈ ಸಲ ನಾನು ಅದಕ್ಕೆ ಬಿಡಲಿಲ್ಲ.

ಓಡಲಿಲ್ಲ, ನಡೆದುಕೊಂಡೇ ಹೋದೆ. ಚೆಂಡನ್ನು ಅಂಗೈಯಲ್ಲಿಟ್ಟುಕೊಂಡು, ಚೆಂಡೂ ಐದು ಬೆರಳೂ ತಾಗುವ ಹಾಗೆ ಅವರ ಹೆಗಲ ಮೇಲೆ ಇಟ್ಟೆ. ಹೊಡೆಯಲಿಲ್ಲ, ತಳ್ಳಲಿಲ್ಲ. ಸುಮ್ಮನೆ ಇಟ್ಟೆ. ಒಬ್ಬ ಮನುಷ್ಯ ಇನ್ನೊಬ್ಬನ ಹೆಗಲ ಮೇಲೆ ಕೈ ಇಡುವಷ್ಟೇ. ಬಟ್ಟೆಯ ಕೆಳಗೆ ಅವರ ಮೈ ಬೆವರಿನಿಂದ ಬೆಚ್ಚಗಿತ್ತು, ನನ್ನದರ ಹಾಗೆಯೇ.

"ನೀವು ಔಟು" ಎಂದೆ. ಸ್ವಾಮಿ ಎನ್ನಲಿಲ್ಲ.

ನಾಯಕನೂ ಕೈ ಎತ್ತಿ ಔಟು ಎಂದು ಕೂಗಿದ. ಅವನ ಕಡೆಯವರು ಕುಣಿದಾಡುತ್ತ ಬಂದು ನನ್ನ ಬೆನ್ನು ತಟ್ಟಿದರು. ಹಗ್ಗದ ಆಚೆ ಮಾತ್ರ ಒಂದು ಚಪ್ಪಾಳೆಯೂ ಇಲ್ಲ. ವಕೀಲರು ತಿರುಗಿ ತಮ್ಮ ಹೆಗಲು ನೋಡಿಕೊಂಡರು. ಕೆಮ್ಮಣ್ಣಿನ ಬೆರಳಚ್ಚು ಬಿದ್ದಿತ್ತು. ಸಂಧ್ಯಾವಂದನೆಯ ಹೊತ್ತಾಯಿತು, ಆಟ ಸಾಕು ಎಂದರು. ಗಂಟೆ ಆಗ ಮೂರೂವರೆ. ಅವರು ಹೊರಟರು, ಅವರ ಹಿಂದೆಯೇ ಕ್ಲಬ್ಬಿನ ಅರ್ಧ ಜನ ಹೊರಟರು.

ಏನಾಯಿತು ಎಂದು ನಾಯಕ ಗುಮಾಸ್ತರನ್ನು ಕೇಳಿದ. ಹದಿನೈದು ವರ್ಷದ ಹಿಂದಿನ ಪ್ರಶ್ನೆಯೇ. ಗುಮಾಸ್ತರು ನನ್ನ ಮುಖ ನೋಡಿದರು. ಈ ಸಲ ಅವರು ನಿಜ ಹೇಳಿದರು. ಇಂಗ್ಲಿಷಾದರೂ ನನಗೆ ತಿಳಿಯಿತು, ಏಕೆಂದರೆ ಹೇಳುವಾಗ ಅವರು ನನ್ನತ್ತ ಒಮ್ಮೆ, ತಮ್ಮತ್ತ ಒಮ್ಮೆ ಬೆರಳು ತೋರಿಸಿದರು. ನಾಯಕ ತಲೆ ತಗ್ಗಿಸಿದ. ಅವನಿಗೆ ನಮ್ಮ ಮೇಲೆ ಮರುಕ ಬಂತೆಂದು ನಾನು ಆಗ ತಿಳಿದುಕೊಂಡೆ. ಯುದ್ಧ ಮುಗಿದ ಮೇಲೆ ಗುಮಾಸ್ತರು ಒಂದು ಇಂಗ್ಲಿಷ್ ಪತ್ರಿಕೆ ಓದಿ ಹೇಳಿದರು. ಅಮೆರಿಕದ ದೊಡ್ಡ ತಂಡವೊಂದು ಆಗಷ್ಟೇ ಮೊಟ್ಟಮೊದಲಿಗೆ ಒಬ್ಬ ಕಪ್ಪು ಜ‌ನಾಂಗದ ಆಟಗಾರನನ್ನು ಸೇರಿಸಿಕೊಂಡಿತಂತೆ. ಅಲ್ಲಿಯವರೆಗೆ ಅವರಿಗೆ ತಂಡವೇ ಬೇರೆ, ಬಯಲೇ ಬೇರೆ. ಆ ನಾಯಕನ ತಗ್ಗಿದ ತಲೆಯ ಅರ್ಥ ನನಗೆ ಆಗ ಆಯಿತು. ಅವನು ನಮ್ಮ ಊರಿನಲ್ಲಿ ತನ್ನ ಊರನ್ನು ಕಂಡಿದ್ದ.

ಸ್ವಲ್ಪ ಹೊತ್ತಿನ ಮೇಲೆ ವಕೀಲರು ಬೇರೆ ಅಂಗಿ ತೊಟ್ಟು ಬಂದರು. ತಲೆ ಒದ್ದೆಯಾಗಿತ್ತು. ಫೋಟೋದವನು ಸಾಲು ನಿಲ್ಲಿಸಲು ಶುರು ಮಾಡಿದ. ನಮ್ಮ ಮೂವರನ್ನು ಯಾರೂ ಕರೆಯಲಿಲ್ಲ. ಕ್ಲಬ್ಬಿನ ಆಳೊಬ್ಬ ಬಂದು, ಚೆಂಡನ್ನು ಅಲ್ಲೇ ನೆಲದ ಮೇಲಿಟ್ಟು ಹೋಗಬೇಕಂತೆ, ಫೋಟೋದಲ್ಲಿ ಮುಂದೆ ಇಡುತ್ತಾರಂತೆ ಎಂದ. ದೊಣ್ಣೆ, ಕೈಚೀಲ ಆಗಲೇ ಅವರ ಕೈ ಸೇರಿದ್ದವು. ನಾನು ಚೆಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಬೇಕಾದವರು ಬಂದು ನನ್ನ ಕೈಯಿಂದ ಇಸಿದುಕೊಳ್ಳಲಿ ಎಂದು ಹೇಳಿ ಕಳಿಸಿದೆ. ಯಾರೂ ಬರಲಿಲ್ಲ. ರೈಲಿಗೆ ಹೊತ್ತಾಗಿತ್ತು, ಹೊರಟೆವು. ದೊಣ್ಣೆ, ಕೈಚೀಲಗಳನ್ನು ವಾರದ ಮೇಲೆ ಯಾರೋ ನಮ್ಮ ಗೇಟಿನಲ್ಲಿ ಇಟ್ಟು ಹೋದರು.

ರೈಲಿನಲ್ಲಿ ಗುಮಾಸ್ತರು ನನ್ನ ಎದುರಿಗೆ ಕೂರುವ ಬದಲು ಪಕ್ಕದಲ್ಲಿ ಕೂತರು. ಹೆಗಲಿಗೆ ಹೆಗಲು ತಾಗುತ್ತಿತ್ತು. ರೈಲು ಬಿದರೆ ಸ್ಟೇಷನ್ ದಾಟಿತು.

"ಅವತ್ತು ನನ್ನನ್ನೂ ಮುಟ್ಟಬಹುದಿತ್ತು ಮಾರಾಯ" ಎಂದರು.

"ನೀವು ಹಾಗಂತ ಹೇಳಲಿಲ್ಲ" ಎಂದೆ.

"ಹೇಳಲಿಲ್ಲ, ನಿಜ" ಎಂದರು. ಕ್ಷಮಿಸು ಎಂದು ಅವರೂ ಕೇಳಲಿಲ್ಲ, ಪರವಾಗಿಲ್ಲ ಎಂದು ನಾನೂ ಹೇಳಲಿಲ್ಲ.

ಮುಂದಿನ ಭಾನುವಾರ ನಮ್ಮ ಬಯಲಿನಲ್ಲಿ ಲಗೋರಿಯ ನಿಯಮ ಹೋಯಿತು. ಮುಟ್ಟಿದರೇ ಔಟು ಎಂದು ನಾನು ಹೇಳಿದೆ. ಮೂವರು ಅವತ್ತೇ ಆಟ ಬಿಟ್ಟು ಹೋದರು. ಹೋಗಲಿ ಎಂದೆವು. ತಿಂಗಳೊಳಗೆ ಬೇರೆ ಐವರು ಬಂದರು. ಗುಮಾಸ್ತರು ಮೂರನೆಯ ಮನೆಯಿಂದ ನೇರವಾಗಿ ನನ್ನ ಮೇಲೇ ಓಡಿ ಬಂದರು, ಬೇಕೆಂದೇ ಇರಬೇಕು. ಎದೆಗೆ ಚೆಂಡು ಒತ್ತಿ ಔಟು ಮಾಡಿದೆ. ಅಷ್ಟು ಜೋರಾಗಿ ಓಡಿ ಬಂದಿದ್ದರಿಂದ ಇಬ್ಬರೂ ಕೆಳಗೆ ಬಿದ್ದೆವು. ಅಪ್ಪನನ್ನು ಆ ದಿನ ಕರೆದುಕೊಂಡು ಬಂದು ಕೂರಿಸಿದ್ದೆ. ಏನಾಯಿತು, ಯಾಕೆ ನಗುತ್ತಿದ್ದಾರೆ ಎಂದು ಅವನು ಪಕ್ಕದವರನ್ನು ಕೇಳುತ್ತಿದ್ದನಂತೆ.

ಈಗ ಆ ಆಟ ಲೋಕವನ್ನೆಲ್ಲ ಹಬ್ಬುತ್ತಿದೆ ಎಂದು ಸಂಚಿಕೆಯವರು ಬರೆದಿದ್ದಾರೆ. ಹಬ್ಬಲಿ. ಆದರೆ ನಮ್ಮ ಜಿಲ್ಲೆಗೆ ಅದು ಬಂದದ್ದು ಷಾಮಿಯಾನದ ಕೆಳಗಿನಿಂದ ಅಲ್ಲ, ಇದ್ದಿಲಿನ ಷೆಡ್ಡಿನ ಹಿಂದಿನಿಂದ. ತಂದವನು ಗೋಡೆಗೆ ಚೆಂಡೆಸೆಯುತ್ತಿದ್ದ ಒಬ್ಬ ಒಂಟಿ ಮನುಷ್ಯ. ಉಳಿಸಿದ್ದು ನಮ್ಮ ಸೂಜಿ, ದಾರ, ಎಂಜಲು.

ಪ್ರದರ್ಶನಕ್ಕೆ ಹಳೆಯ ಸಾಮಾನು ಬೇಕೆಂದು ಕೇಳಿದ್ದಾರಲ್ಲ, ಆ ಚೆಂಡು ನನ್ನ ಹತ್ತಿರವಿದೆ. ತೊಗಲು ಕಂದಿದೆ, ಕೆಮ್ಮಣ್ಣು ಹೊಲಿಗೆಯೊಳಗೆ ಇಳಿದು ಕೂತಿದೆ, ನೂರೆಂಟರಲ್ಲಿ ಒಂದೂ ಬಿಚ್ಚಿಲ್ಲ. ಕೊಡುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಅಂಚೆಯಲ್ಲಿ ಕಳಿಸುವುದಿಲ್ಲ, ಯಾರ ಕೈಯಲ್ಲೂ ಕೊಟ್ಟು ಕಳಿಸುವುದಿಲ್ಲ. ಕ್ಲಬ್ಬಿನವರು ಭದ್ರಾವತಿಗೆ ಬರಬೇಕು, ನಮ್ಮ ಮನೆಯ ಒಳಗೆ ಬಂದು ಕೂರಬೇಕು, ನನ್ನ ಸೊಸೆ ಕೊಟ್ಟ ನೀರು ಕುಡಿಯಬೇಕು. ಆಮೇಲೆ ನನ್ನ ಕೈಯಿಂದ ತಮ್ಮ ಕೈಗೆ ತೆಗೆದುಕೊಳ್ಳಬೇಕು. ಮೇಜಿನ ಮೇಲೆ ಇಡುವುದಿಲ್ಲ.